ಒಂದು ಹಿಡಿ ಕೊಸರು

ಆ ಅಂಗಡಿಯ ಬಾಗಿಲ ಪಕ್ಕದ ಗೋಡೆಯ ಮೇಲೆ ಅಕ್ಕನ ಫೋಟೋ ಹನ್ನೊಂದು ದಿನ ಇತ್ತು. ಅದನ್ನು ಅಂಟಿಸಿದವನು ನಾನು. ಟೇಪನ್ನು ಹಲ್ಲಿನಿಂದ ಹರಿದು ನಾಲ್ಕೂ ಮೂಲೆಗೆ ಒತ್ತಿದ್ದು ಇದೇ ಕೈ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ನಾನು ಇನ್ನೊಬ್ಬರ ಮೇಲೆ ದೂರು ಹೇಳುವ ಜಾಗ ಬರುತ್ತದೆ; ಆಗ ಓದುವವರು ಇದನ್ನು ಮರೆಯಬಾರದು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಮೆಟ್ರಿಕ್ ಪಾಸಾದವನಿಗೆ ಆಗ ಅದು ದೊಡ್ಡ ನೌಕರಿ. ಬಹಳ ವರ್ಷ ನನ್ನ ಪಾಲಿಗೆ ಬಂದದ್ದು ಸೇಡಂನಿಂದ ಮಳಖೇಡ, ಚಿತ್ತಾಪುರ, ವಾಡಿ ಹಾಯ್ದು ಶಹಾಬಾದಿಗೆ ಹೋಗುವ ಬೆಳಗಿನ ಗಾಡಿ. ಮಳಖೇಡದಲ್ಲಿ ಆಕೆ ರೊಟ್ಟಿಯ ಬುಟ್ಟಿ ಹೊತ್ತು ಹತ್ತುತ್ತಿದ್ದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕಡಕ್ ಜೋಳದ ರೊಟ್ಟಿ. ವಾಡಿ ಸ್ಟೇಶನ್ ಹೊರಗಿನ ಖಾನಾವಳಿಗಳಿಗೆ ಅವನ್ನು ಕೊಟ್ಟು ಮಧ್ಯಾಹ್ನದ ಗಾಡಿಗೆ ಊರಿಗೆ ಮರಳುತ್ತಿದ್ದಳು.

ಮೊದಲ ದಿನ ನಾನು ಆಕೆಗೆ ಒಂದು ಟಿಕೆಟ್ ಹರಿದು ಮುಂದೆ ಹೋದೆ. ಹಿಂದಿನಿಂದ ಕರೆದಳು.

“ಬುಟ್ಟಿಗೂ ಚೀಟಿ ಹರಿ.”

“ಇರ್ಲಿ ಬಿಡವ್ವಾ, ರೊಟ್ಟಿ ಏನ್ ಭಾರ?”

“ಭಾರ ನನ್ನ ತಲೀಗಿ ಗೊತ್ತು. ನಡು ದಾರ್ಯಾಗ ಚೆಕಿಂಗ್‌ನವ ಹತ್ತಿದ್ರ ನಿನ್ನ ನೌಕರಿ ಹೋಗ್ತದ. ಹರಿ.”

ಹಿಂದಿನ ಸೀಟಿನಲ್ಲಿ ಒಬ್ಬ ಮುದುಕ ತಂಬಾಕು ತಿಕ್ಕುತ್ತ ಕೂತಿದ್ದ. “ಕಂಡಕ್ಟರ್ ಸಾಹೇಬ್ರ, ರೊಟ್ಟಿಗಿ ಆಫ್ ಟಿಕೆಟ್ ಕೊಡ್ರಿ, ಇನ್ನಾ ಸಣ್ಣವು ಅದಾವ” ಅಂದ. ಗಾಡಿ ತುಂಬ ನಗು. ಆಕೆ ನಗಲಿಲ್ಲ, ಚೀಟಿ ಬರುವವರೆಗೆ ಕೈ ಚಾಚಿಕೊಂಡೇ ಇದ್ದಳು. ನಾನು ಲಗೇಜ್ ಟಿಕೆಟ್ ಹರಿದು ಕೊಟ್ಟೆ. ಆಮೇಲೆ ಎಷ್ಟೋ ವರ್ಷ, ಒಂದು ದಿನವೂ ಆ ಬುಟ್ಟಿ ಟಿಕೆಟ್ ಇಲ್ಲದೆ ನನ್ನ ಗಾಡಿಯಲ್ಲಿ ಹೋಗಲಿಲ್ಲ.

ವಾರಕ್ಕೊಮ್ಮೆ ನಾನು ಮನೆಗೆ ಒಂದು ಡಜನ್ ರೊಟ್ಟಿ ಕೊಳ್ಳುತ್ತಿದ್ದೆ. ಎಣಿಸಿದರೆ ಹದಿಮೂರು ಇರುತ್ತಿದ್ದವು. ಹದಿಮೂರನೆಯದು ಕೊಸರು. ನಮ್ಮ ಕಡೆ ಕೊಸರಿಲ್ಲದೆ ವ್ಯಾಪಾರ ಮುಗಿಯುವುದಿಲ್ಲ. ತಕ್ಕಡಿ ಸರಿಯಾಗಿ ನಿಂತ ಮೇಲೆ ಅಂಗಡಿಯವನು ಮೇಲೊಂದು ಹಿಡಿ ಬೇಳೆ ಹಾಕಬೇಕು, ಕಾಯಿಪಲ್ಯದವಳು ಚೀಲಕ್ಕೆ ನಾಲ್ಕು ಮೆಣಸಿನಕಾಯಿ ಎಸೆಯಬೇಕು. ಹಾಕದಿದ್ದರೆ ಕೊಳ್ಳುವವರು ಚೀಲದ ಬಾಯಿ ತೆರೆದುಕೊಂಡು ಅಲ್ಲೇ ನಿಂತಿರುತ್ತಾರೆ. ಅದು ಬೇಡುವುದಲ್ಲ, ಕೊಡುವವನ ದೊಡ್ಡಸ್ತಿಕೆಯೂ ಅಲ್ಲ. ನೀನೂ ನಾನೂ ಇನ್ನೊಮ್ಮೆ ಭೇಟಿಯಾಗುತ್ತೇವೆ ಎನ್ನುವುದಕ್ಕೆ ಗುರುತು.

ನನ್ನ ಹೆಂಡತಿ ಒಮ್ಮೆ ಟೈಫಾಯ್ಡ್ ಆಗಿ ಮಲಗಿದಾಗ ಆಕೆ ದಿನಾಲು ಗಾಡಿಯಲ್ಲೇ ನನ್ನ ಕೈಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಅಲ್ಲಿಂದ ಆಕೆ ಅಕ್ಕ, ನಾನು ತಮ್ಮ. ಮುಂದೆ ತನ್ನ ಮಗಳನ್ನು ನಮ್ಮೂರು ಸೇಡಂಗೆ ಕೊಟ್ಟು ಆಕೆಯೂ ಇಲ್ಲಿಗೇ ಬಂದಳು. ಏಳೆಂಟು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದುವೆ ಮನೆಗಳಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಮದುವೆ ಮನೆಯಲ್ಲಿ ಜೋಳದ ಹಿಟ್ಟು, ತುಪ್ಪ, ಬೆಲ್ಲ, ಗೋಡಂಬಿ ಎಲ್ಲ ಇರುವ ಸಾಮಾನಿನ ಕೋಣೆಯ ಕೀಲಿಕೈ ಯಾರ ಸೊಂಟದಲ್ಲಿ ಇರುತ್ತದೆ ಎನ್ನುವುದು ಸಣ್ಣ ಮಾತಲ್ಲ. ಅಕ್ಕ ಬಂದಳೆಂದರೆ ಮನೆಯ ಹಿರಿಯಳು ಆ ಕೀಲಿಕೈ ಆಕೆಗೆ ಕೊಟ್ಟು, ಬೀಗರನ್ನು ನೋಡಿಕೊಳ್ಳಲು ಹೋಗುತ್ತಿದ್ದಳು. ಕೂಲಿಗಿಂತ ಆ ಕೀಲಿಕೈ ಆಕೆಗೆ ದೊಡ್ಡದಾಗಿತ್ತು. ನನಗೆ ಇದೆಲ್ಲ ಗೊತ್ತಿತ್ತು.

ಇನ್ನು ಅಂಗಡಿಯ ಮಾತು. ನಾನು ನಿವೃತ್ತನಾಗಿ ಕೆಲ ವರ್ಷದ ಮೇಲೆ ನಮ್ಮ ಊರಿನ ದೊಡ್ಡ ರಸ್ತೆಯಲ್ಲಿ ಒಂದು ಅಂಗಡಿ ಆಯಿತು. ಬೇಕಾದ್ದನ್ನು ನಾವೇ ಕೈಯಿಂದ ತೆಗೆದುಕೊಳ್ಳುವ ಅಂಗಡಿ. ಮಾಲಕ ಮೂವತ್ತೈದರ ಹುಡುಗ. ಅವನ ಅಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ವ್ಯಾಪಾರ ಮಾಡಿದವರು. ಒಂದು ವರ್ಷದ ಮೇಲೆ ಅವನು ಹೈದರಾಬಾದಿನಲ್ಲಿ ನೋಡಿ ಬಂದು ಎರಡು ಮಷಿನ್ ತರಿಸಿದ. ಬಿಲ್ ಮಾಡುವವರು ಯಾರೂ ಬೇಡ. ಗಿರಾಕಿಯೇ ಸಾಮಾನನ್ನು ಒಂದೊಂದಾಗಿ ಕೆಂಪು ಬೆಳಕಿಗೆ ತೋರಿಸಿ, ಪಕ್ಕದ ತಟ್ಟೆಯ ಮೇಲಿನ ಚೀಲಕ್ಕೆ ಹಾಕಿ, ಫೋನಿನಿಂದ ರೊಕ್ಕ ಕೊಟ್ಟು, ಚೀಟಿ ಹರಿದುಕೊಂಡು ಹೋಗಬೇಕು. ಆ ತಟ್ಟೆಯ ಕೆಳಗೆ ತೂಕದ ಯಂತ್ರ ಇದೆ. ತೋರಿಸಿದ್ದಕ್ಕೂ ಚೀಲಕ್ಕೆ ಬಿದ್ದದ್ದಕ್ಕೂ ತೂಕ ಹೊಂದದಿದ್ದರೆ ದೀಪ ಉರಿದು ಮಷಿನ್ ಕೂಗುತ್ತದೆ.

ಮಷಿನ್ ಬರುವ ಮುಂಚೆ ಅವನು ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಚಹಾ ಕೊಟ್ಟಳು. ಬಸಿಯಲ್ಲಿ ಸುರುವಿಕೊಂಡು ಕುಡಿದ.

“ಕಾಕಾ, ನನಗ ನಿಮ್ಮ ಕಣ್ಣು ಬೇಕು. ಮಷಿನ್ ತೂಕ ನೋಡ್ತದ, ಮಾರಿ ನೋಡಂಗಿಲ್ಲ. ಬರ್ರಿ, ಬಾಗಿಲ ಬಲ್ಲಿ ಖುರ್ಚಿ ಹಾಕ್ತೀನಿ. ನೀವು ನಮ್ಮ ಮನೀ ಮನುಷ್ಯಾ ಇದ್ದಂಗ.”

ಟಿಕೆಟ್ ಇಲ್ಲದವನನ್ನು ಗುರುತಿಸುವುದು ನನಗೆ ಕಷ್ಟವಾಗಿರಲಿಲ್ಲ. ಟಿಕೆಟ್ ಇದ್ದವನು ಕಂಡಕ್ಟರನನ್ನು ನೋಡುವುದೇ ಇಲ್ಲ. ಇಲ್ಲದವನು ಒಂದೋ ನಿದ್ದೆ ಬಂದಂತೆ ಮಾಡುತ್ತಾನೆ, ಇಲ್ಲವೇ ಬಾಯ್ತುಂಬ ಮಾತಾಡಿಸುತ್ತಾನೆ. ಅಂಗಡಿಯಲ್ಲೂ ಅದೇ. ಮನೆಯಲ್ಲಿ ಕೂತು ಕೂತು ನಾನು ಯಾರಿಗೂ ಬೇಡವಾದಂತೆ ಆಗಿದ್ದೆ. ನೀಲಿ ಅಂಗಿ, ಜೇಬಿಗೆ ಪೆನ್ನು, ಹೊರಗೆ ಹೋಗುವವರ ಚೀಟಿಗೆ ಗೆರೆ ಹಾಕುವ ಅಧಿಕಾರ. ಆ ಖುರ್ಚಿಯ ಮೇಲೆ ಕೂತ ಮೊದಲ ದಿನ ಮತ್ತೆ ಗಾಡಿ ಹತ್ತಿದಂತಾಯಿತು.

ಮಂದಿಯ ಆಟಗಳು ಒಂದೆರಡಲ್ಲ. ಸಾಮಾನಿನ ಮೇಲಿನ ಬಾರ್‌ಕೋಡ್ ಗೆರೆಗಳ ಮೇಲೆ ಹೆಬ್ಬೆರಳಿಟ್ಟು ಬೆಳಕಿಗೆ ತೋರಿಸುವವರು, ಉಳ್ಳಾಗಡ್ಡಿ ತೂಗಿ ಬಂದ ಚೀಟಿಯನ್ನು ಬೆಳ್ಳುಳ್ಳಿಯ ಚೀಲಕ್ಕೆ ಹಚ್ಚುವವರು. ಒಬ್ಬ ಎರಡು ಸಾಬೂನಿಗೆ ರಬ್ಬರ್ ಹಾಕಿ ಒಂದನ್ನೇ ತೋರಿಸಿದ.

“ಜೋಡಿ ಅದಾವ ಕಾಕಾ, ಅಗಲಿಸಬ್ಯಾಡ್ರಿ” ಅಂದ.

“ಒಂದ್ ಟಿಕೆಟ್ ಮ್ಯಾಲ ಇಬ್ರು ಕುಂತೀರಿ. ಇನ್ನೊಂದ್ ಹರಿಲಿ ಏನು?” ಅಂದೆ. ನಗುತ್ತಲೇ ಎರಡನೆಯದನ್ನೂ ತೋರಿಸಿದ.

ನನ್ನ ರೀತಿ ಇದು: ಹತ್ತಿರ ಹೋಗಿ ಮೆಲ್ಲಗೆ, “ಮಷಿನ್‌ಗ ಸರೀ ಕಂಡಿಲ್ಲ, ಇನ್ನೊಮ್ಮಿ ತೋರಸ್ರಿ” ಎನ್ನುವುದು. ಮಾನ ಉಳಿಸಿಕೊಳ್ಳಲು ದಾರಿ ಕೊಟ್ಟರೆ ಹತ್ತರಲ್ಲಿ ಒಂಬತ್ತು ಜನ ಆ ದಾರಿ ಹಿಡಿಯುತ್ತಾರೆ. ಮಾಲಕನಿಗೆ ಮೊದಲು ಇದು ಹಿಡಿಸಿತ್ತು. ಆಮೇಲೆ, ಇಷ್ಟೊಂದು ಮೆತ್ತಗಾದರೆ ಮಂದಿ ಹೆದರುವುದಿಲ್ಲ ಎಂದು ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ ಹೊಡೆಸಿದ. ‘ಇವರ ಮೇಲೆ ನಿಗಾ ಇರಲಿ’ ಎಂದು ಮೇಲೆ ಬರೆಸಿದ. ಸಿಕ್ಕಿಬಿದ್ದವರ ಫೋಟೋಗಳು ಕ್ಯಾಮರಾದಿಂದ ಅಲ್ಲಿಗೆ ಬರುತ್ತಿದ್ದವು. ಹೆಚ್ಚಿನವು ಹೊರ ಊರಿನ, ಯಾರಿಗೂ ಗೊತ್ತಿಲ್ಲದ ಮುಖಗಳು. ಯಾರೂ ನಿಂತು ನೋಡುತ್ತಿರಲಿಲ್ಲ.

ಮಷಿನ್ ಬಂದ ಹೊಸದರಲ್ಲಿ ನಮ್ಮ ಮಂದಿ ಅದರ ಹತ್ತಿರ ಹೋಗಲು ಅಂಜುತ್ತಿದ್ದರು. ಮಾಲಕ, “ಕಾಕಾ, ನಿಮ್ಮ ಮಾತು ಕೇಳ್ತಾರ, ನಾಕ್ ಮಂದೀಗಿ ಹೇಳ್ರಿ” ಅಂದ. ನಾನು ಹೇಳಿದೆ. ಅಕ್ಕನಿಗೂ ಹೇಳಿದೆ. ಆಕೆಯ ಮನೆಯ ತಗಡಿನ ಚಪ್ಪರದ ಕೆಳಗೆ ಕೂತು ಹೇಳಿದ್ದು ನೆನಪಿದೆ. ಆಕೆ ಹಿಟ್ಟು ನಾದುತ್ತಿದ್ದಳು.

“ಅಲ್ಲೋ ತಮ್ಮಾ, ಅಂಗಡ್ಯಾಗ ಅಂಗಡಿಯವನೇ ಇಲ್ಲಂದ್ರ ಕೊಸರು ಯಾರ್ ಹಾಕ್ತಾರ?”

“ನೀನೇ ಹಾಕ್ಕೊ. ನಾ ಅಲ್ಲೇ ಇರ್ತೀನಲ್ಲ.”

ನಗೆಯಲ್ಲಿ ಅಂದ ಮಾತು. ಆದರೆ ಆಕೆ ನನ್ನ ಮಾತನ್ನು ಮಾತೆಂದೇ ತೆಗೆದುಕೊಂಡಳು. ಮುಂದಿನ ವಾರ ಬಂದಳು. ಡಬ್ಬದಿಂದ ತೊಗರಿಬೇಳೆ ತುಂಬಿ, ತೂಗಿ, ತಕ್ಕಡಿಯಿಂದ ಬಂದ ಚೀಟಿ ಹಚ್ಚಿದಳು. ಆಮೇಲೆ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈ ತೆರೆದು ನನ್ನ ಕಡೆ ಎತ್ತಿ ತೋರಿಸಿ, “ತಮ್ಮಾ, ಇದು ಕೊಸರು” ಅಂದು ಚೀಲಕ್ಕೆ ಹಾಕಿಕೊಂಡಳು. ಅಂಗಡಿಗೆಲ್ಲ ಕೇಳುವಂತೆ ಅಂದಳು. ನಾನು ನಕ್ಕು ತಲೆ ಆಡಿಸಿದೆ. ಮಷಿನ್ ಕೂಗಲಿಲ್ಲ. ಇಷ್ಟು ಸಣ್ಣ ಹೆಚ್ಚುಕಮ್ಮಿಯನ್ನು ಅದು ಬಿಟ್ಟುಬಿಡುವಂತೆ ಇಟ್ಟಿದ್ದರು.

ಪ್ರತಿ ವಾರ ಇದು ನಡೆಯಿತು. ನಾನು ಆಗಲೇ, “ಅಕ್ಕಾ, ನಗೆಚಾಟಿಗಿ ಅಂದೆ, ಇಲ್ಲಿ ಹಂಗ ಮಾಡಬಾರದು” ಎನ್ನಬೇಕಿತ್ತು. ಅನ್ನಲಿಲ್ಲ. ಯಾಕೆಂದು ಈಗ ಸರಿಯಾಗಿ ಗೊತ್ತು. ಆಕೆ ಅಂಗೈ ಎತ್ತಿ ನನ್ನ ಅಪ್ಪಣೆ ಕೇಳಿದಾಗ ಆ ಅಂಗಡಿ ನನ್ನದೇ ಎನಿಸುತ್ತಿತ್ತು. ಇನ್ನೊಬ್ಬನ ಬೇಳೆಯಿಂದ ನಾನು ಕೊಡುವವನಾಗಿದ್ದೆ. ಮನೆಗೆ ಹೋಗಿ ಹೆಂಡತಿಗೂ ಹೇಳಿ ನಕ್ಕಿದ್ದೆ.

ಚಳಿಗಾಲದ ಹೊತ್ತಿಗೆ ಅಂಗಡಿಯಲ್ಲಿ ಸಾಮಾನು ಲೆಕ್ಕಕ್ಕೆ ಸಿಗುತ್ತಿಲ್ಲ ಎಂಬ ಗುಸುಗುಸು ಎದ್ದಿತು. ಮಾಲಕನ ಮುಖ ಬಿಗಿಯಾಯಿತು. ಸಾಮಾನು ಜೋಡಿಸುವ ಇಬ್ಬರು ಹುಡುಗಿಯರನ್ನು ಒಂದೇ ದಿನ ಬಿಡಿಸಿದ, ಕಾರಣ ಹೇಳಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ಕೇಳಲಿಲ್ಲ ಎನ್ನುವುದೇ ನನಗೆ ಹೆದರಿಕೆ ಹುಟ್ಟಿಸಿತು.

ಎಳ್ಳಮಾವಾಸ್ಯೆಯ ಹಿಂದಿನ ದಿನ. ಹೊಲಕ್ಕೆ ಬುತ್ತಿ ಒಯ್ಯುವ ಹಬ್ಬ. ಕಾಯಿಪಲ್ಯ ಕೂಡಿಸಿ ಬೇಯಿಸುವ ಭಜ್ಜಿಗೆ ಕಾಳು, ಸಜ್ಜೆ ಹಿಟ್ಟು, ಎಳ್ಳು, ಶೇಂಗಾ ಎಂದು ಅಂಗಡಿ ತುಂಬ ಹೆಣ್ಣುಮಕ್ಕಳು. ಅಕ್ಕ ಸಾಲಿನಲ್ಲಿ ನಿಂತಿದ್ದಳು. ಎಂದಿನಂತೆ ಅಂಗೈ ಎತ್ತಿ ತೋರಿಸಿ ಕೊಸರು ಹಾಕಿಕೊಂಡು ಬಂದಿದ್ದಳು; ಎಂದಿನಂತೆ ನಾನು ತಲೆ ಆಡಿಸಿದ್ದೆ. ಆಕೆ ಬೇಳೆಯ ಚೀಲವನ್ನು ತಟ್ಟೆಯ ಮೇಲಿಟ್ಟಳು. ಕೆಂಪು ದೀಪ ಉರಿಯಿತು. ಮಷಿನ್ ಕೂಗಿ, ಹಿಂದಿಯಲ್ಲಿ ಏನೋ ಹೇಳಿತು. ಮತ್ತೆ ಹೇಳಿತು.

ನಾನು ಏಳುವ ಮುಂಚೆಯೇ ಮಾಲಕ ತನ್ನ ಗಾಜಿನ ಕೋಣೆಯಿಂದ ಬಂದಿದ್ದ. ಚೀಲವನ್ನು ಎತ್ತಿ ತಕ್ಕಡಿಗೆ ಹಾಕಿದ. ಚೀಟಿಯಲ್ಲಿ ಒಂದು ಕಿಲೋ. ತಕ್ಕಡಿಯಲ್ಲಿ ಅದಕ್ಕಿಂತ ಒಂದು ಹಿಡಿ ಹೆಚ್ಚು.

“ಇದೇನವ್ವಾ?”

“ಕೊಸರು” ಅಂದಳು ಅಕ್ಕ.

ಸಾಲಿನಲ್ಲಿ ಯಾರೋ ನಕ್ಕರು. ಮಾಲಕ ನಗಲಿಲ್ಲ.

“ಯಾರ್ ಹಾಕಿದ್ರು?”

“ನಾನೇ.”

“ಹಾಕ್ಕೋ ಅಂತ ಯಾರ್ ಹೇಳಿದ್ರು?”

ಅಕ್ಕ ನನ್ನ ಕಡೆ ನೋಡಿದಳು. ಬೆರಳು ಮಾಡಲಿಲ್ಲ, ‘ಇವನೇ’ ಅನ್ನಲಿಲ್ಲ. “ತಮ್ಮಾ, ನೀ ಹೇಳು” ಅಂದಳು.

ಮಾಲಕ ನನ್ನ ಕಡೆ ತಿರುಗಿದ. “ಕಾಕಾ, ನಿಮಗ ಗೊತ್ತಿತ್ತೇನು?”

ಒಂದೇ ಮಾತು ಸಾಕಿತ್ತು. ‘ಹೌದ್ರಿ, ನಾನೇ ಹೇಳೀನಿ.’ ಸಾಬೂನಿನ ಜೋಡಿಯವನಿಗೂ ಬೆಳ್ಳುಳ್ಳಿ ಚೀಲದವರಿಗೂ ನಾನು ದಾರಿ ಕೊಟ್ಟಿದ್ದೆ. ಆ ಹೊತ್ತಿಗೆ ನನ್ನ ಕಣ್ಣಿಗೆ ಕಂಡದ್ದು ಬಿಡಿಸಿದ ಇಬ್ಬರು ಹುಡುಗಿಯರು, ಮತ್ತು ನನ್ನ ಖಾಲಿ ಖುರ್ಚಿ.

“ಇಲ್ರಿ. ನಾ ನೋಡಿಲ್ಲ” ಅಂದೆ.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. “ಪರಿಚಯದವ್ರು ಅಂತ ಭರೋಸಾ ಇಟ್ರ ಹಿಂಗೇ ಆಗ್ತದ ನೋಡ್ರಿ” ಎಂದೂ ಸೇರಿಸಿದೆ. ಸುಳ್ಳಿನ ಮೇಲೊಂದು ಹಿಡಿ ಕೊಸರು ಹಾಕಿದೆ.

ಅಕ್ಕ ಚೀಲದ ಗಂಟು ಬಿಚ್ಚಿದಳು. ಒಂದು ಹಿಡಿ ಬೇಳೆ ತೆಗೆದುಕೊಂಡು, ಆ ಗದ್ದಲದಲ್ಲಿ ದಾರಿ ಮಾಡಿಕೊಂಡು ಹೋಗಿ ಡಬ್ಬಕ್ಕೆ ಹಾಕಿ, ಎರಡೂ ಅಂಗೈ ಕೊಡವಿ ಬಂದಳು. ಚೀಲ ತಟ್ಟೆಯ ಮೇಲಿಟ್ಟಳು. ಮಷಿನ್ ಸುಮ್ಮನಾಯಿತು. ಫೋನಿನಿಂದ ರೊಕ್ಕ ಕೊಟ್ಟಳು. ಬಾಗಿಲ ಹತ್ತಿರ ಬಂದು ಚೀಟಿಯನ್ನು ನನ್ನ ಮುಂದೆ ಹಿಡಿದಳು.

“ಗೆರಿ ಹಾಕು” ಅಂದಳು.

ಹಾಕಿದೆ.

ಅಂದೇ ಸಂಜೆ ಅಂಗಡಿಯ ಮ್ಯಾನೇಜರ್ ಫೋಟೋ ತಂದು ಕೊಟ್ಟ. “ಕಾಕಾ, ಇದಿಷ್ಟು ಹಚ್ಚಿಬಿಡ್ರಿ.” ಫೋಟೋದಲ್ಲಿ ಅಕ್ಕ ಅಂಗೈ ತೆರೆದು ಎತ್ತಿದ್ದಳು, ಯಾರನ್ನೋ ನೋಡಿ ನಗುತ್ತಿದ್ದಳು. ಯಾರನ್ನು ಎನ್ನುವುದು ಕಾಣುತ್ತಿರಲಿಲ್ಲ. ಕಾಗದ ಅಲ್ಲಿಗೆ ಮುಗಿದಿತ್ತು. ನಾನು ಹಚ್ಚಿದೆ.

ಊರಿಗೆ ಗೊತ್ತಿರುವ ಮುಖ ಆ ಹಲಗೆಯ ಮೇಲೆ ಬಂದದ್ದು ಅದೇ ಮೊದಲು. ಈ ಸಲ ಮಂದಿ ನಿಂತು ನೋಡಿದರು. ಫೋನಿನಲ್ಲಿ ಫೋಟೋ ತೆಗೆದುಕೊಂಡರು.

ನಾಲ್ಕೈದು ದಿನದ ಮೇಲೆ ನನ್ನ ಹೆಂಡತಿ ಒಂದು ಮದುವೆಗೆ ಹೋಗಿ ಬಂದಳು. ಬಂದವಳು ಸೀರೆ ಬದಲಿಸದೆ ಹೊಸ್ತಿಲ ಮೇಲೆ ಕೂತಳು.

“ಕೀಲಿಕೈ ಕೊಟ್ಟಿಲ್ಲ” ಅಂದಳು.

“ಯಾರಿಗಿ?”

“ಅಕ್ಕಗ. ಸಾಮಾನ್ ಖೋಲೀ ಮುಂದ ಮನೀಯವ್ರ ನಾದಿನಿ ಖುರ್ಚಿ ಹಾಕ್ಕೊಂಡು ಕುಂತಿದ್ಳು. ‘ಏನ್ ಬೇಕು ಹೇಳ್ರಿ, ನಾ ತಗದ್ ಕೊಡ್ತೀನಿ’ ಅಂತಿದ್ಳು. ದಿನಪೂರ್ತಿ ಅಕ್ಕ ಹಿಟ್ಟು ಬೇಡ್ಕೊಂಡು ಬೇಡ್ಕೊಂಡು ರೊಟ್ಟಿ ಬಡದ್ಳು. ಸಂಗಟ ಮೂರೇ ಮಂದಿ ಬಂದಿದ್ರು. ಉಳದವ್ರು ಆಕೀ ಸಂಗಟ ಬರಾಂಗಿಲ್ಲಂತ.”

ನಾನು ನೀಲಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ.

“ಕೊಸರು ಹಾಕ್ಕೋ ಅಂದಾವ ಯಾರು?” ಕೇಳಿದಳು.

“ನನಗೇನ್ ಗೊತ್ತು?”

“ನನಗ ಗೊತ್ತದ. ಇದೇ ಮನ್ಯಾಗ ನಕ್ಕೋತ ಹೇಳಿದ್ರಿ.” ಅಷ್ಟೇ ಅಂದು ಒಳಗೆ ಹೋದಳು. ಅಂದಿನಿಂದ ತಾಟಿಗೆ ಊಟ ಬಡಿಸಿ ಇಟ್ಟು ಹೋಗುತ್ತಿದ್ದಳು, ಉಂಡದ್ದು ಕೇಳುತ್ತಿರಲಿಲ್ಲ. ನಾನು ದಿನಾಲು ಎದ್ದು ಕೆಲಸಕ್ಕೆ ಹೋದೆ. ಬಾಗಿಲಲ್ಲಿ ಕೂತರೆ ಆ ಹಲಗೆ ನನ್ನ ಎಡಗಡೆ ಬರುತ್ತಿತ್ತು. ಖುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡೆ. ಹಾಗೆ ಹತ್ತು ದಿನ ಕೂತೆ.

ಹನ್ನೊಂದನೆಯ ದಿನ ಮಾಲಕ ಗಾಜಿನ ಕೋಣೆಗೆ ಕರೆದ. “ಕುಂದ್ರಿ ಕಾಕಾ” ಅಂದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ. ಅದರಲ್ಲಿ ನಾನಿದ್ದೆ. ಖುರ್ಚಿಯ ಮೇಲೆ ಕೂತಿದ್ದೇನೆ. ಅಕ್ಕ ಅಂಗೈ ಎತ್ತುತ್ತಾಳೆ. ನಾನು ನಗುತ್ತ ತಲೆ ಆಡಿಸುತ್ತೇನೆ. ಮುಂದಿನ ವಾರದ್ದು. ಅದರ ಮುಂದಿನದು. ಬೇರೆ ಬೇರೆ ಸೀರೆ, ಅದೇ ಅಂಗೈ, ಅದೇ ನನ್ನ ನಗು. ಮಷಿನ್ ಮೇಲಿನ ಕ್ಯಾಮರಾ ನನಗೆ ಗೊತ್ತಿತ್ತು. ಬಾಗಿಲ ಎದುರು ಬೆಲ್ಲದ ಡಬ್ಬಗಳ ಮೇಲೆ ಇನ್ನೊಂದು ಇತ್ತು. ಅದು ನೋಡುತ್ತಿದ್ದದ್ದು ನನ್ನ ಖುರ್ಚಿಯನ್ನು.

“ಇದು ಯಾವಾಗಿಂದ ಅದ?” ಕೇಳಿದೆ.

“ನೀವು ಬಂದ ದಿನದಿಂದ. ಇದನ್ನ ನೋಡಿದ ಮ್ಯಾಲೇ ಮಷಿನ್ ತೂಕ ಬಿಗಿ ಮಾಡ್ಸಿದ್ದು.”

ಅವನು ಸಿಟ್ಟಿನಲ್ಲಿರಲಿಲ್ಲ.

“ಹೆದರಬ್ಯಾಡ್ರಿ. ನಾ ಕೇಳ್ದಾಗ ನೀವು ಏನಂತೀರಿ ಅಂತ ನೋಡ್ಬೇಕಿತ್ತು. ಅಕ್ಕಾ ಅಂತ ಕರಿಯೋರನ್ನೂ ಬಿಡಲಿಲ್ಲ ನೀವು. ಚಿಂಚೋಳಿ ಬಲ್ಲಿ ಚಂದಾಪುರದಾಗ ಹೊಸಾ ಅಂಗಡಿ ತಗೀಲಿಕತ್ತೀನಿ. ಬಾಗಿಲ ಕಡೆದ್ದೆಲ್ಲ ನೀವೇ ನೋಡ್ಕೋಬೇಕು. ಇಂಥಾ ಮನುಷ್ಯಾ ಸಿಗೋದು ಕಷ್ಟ.”

“ಆಕಿ ಕಳ್ಳಿ ಅಲ್ಲಂತ ನಿಮಗ ಗೊತ್ತಿತ್ತು.”

“ಗೊತ್ತಿತ್ತು ಕಾಕಾ. ಆದ್ರ ಗ್ವಾಡಿ ಮ್ಯಾಲ ಊರಿಗಿ ಗೊತ್ತಿರೋ ಒಂದ್ ಮಾರಿ ಬೇಕಿತ್ತು. ಈಗ ನೋಡ್ರಿ, ಮಂದಿ ಮಷಿನ್ ಮುಂದ ಎಷ್ಟ್ ನೀಟ್ ನಿಲ್ತಾರ.”

ಇಲ್ಲಿ ಒಂದು ಮಾತನ್ನು ಬಿಟ್ಟು ಬರೆದರೆ ಈ ಬರವಣಿಗೆಯೇ ವ್ಯರ್ಥ. ಅವನು ಚಂದಾಪುರ ಅಂದ ಕ್ಷಣ ನನ್ನ ತಲೆ ತಾನೇ ಬಸ್ ಹುಡುಕಿತು. ಬೆಳಗ್ಗೆ ಎಷ್ಟು ಗಂಟೆಯ ಗಾಡಿ ಹಿಡಿದರೆ ಚಿಂಚೋಳಿಗೆ ಅಂಗಡಿ ತೆಗೆಯುವ ಹೊತ್ತಿಗೆ ಮುಟ್ಟಬಹುದು ಎಂದು. ಅಷ್ಟೊತ್ತು, ಬಹಳವಲ್ಲ, ನನಗೆ ಸಂತೋಷವೂ ಆಗಿತ್ತು.

ಆಮೇಲೆ ಸಿಟ್ಟು ಬಂತು. ನನ್ನ ಮನೆಯ ಚಹಾ ಕುಡಿದು, ಕಾಕಾ ಎಂದು, ಮನೆಯ ಮನುಷ್ಯ ಎಂದು, ಮೊದಲ ದಿನದಿಂದಲೇ ನನ್ನ ಮೇಲೆ ಕಣ್ಣಿಟ್ಟಿದ್ದ. ನಾನು ನಗುವುದನ್ನು ಕೂತು ನೋಡಿದ್ದ. ಎಲ್ಲ ಗೊತ್ತಿದ್ದೂ ನಡು ಅಂಗಡಿಯಲ್ಲಿ ನನ್ನನ್ನು ಕೇಳಿದ್ದ. ಕೋಣೆಯಿಂದ ಹೊರಬಂದು ಖುರ್ಚಿಯ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೆನೆದೆ: ನಂಬಿಸಿ ಹೀಗೆ ಮಾಡಿದನಲ್ಲ. ಹೊರಗೆ ಹೋಗುತ್ತಿದ್ದ ಒಬ್ಬಳು ಚೀಟಿ ಹಿಡಿದಳು. ಗೆರೆ ಹಾಕಲು ಪೆನ್ನು ಎತ್ತಿದಾಗ, ಅಕ್ಕ ‘ಗೆರಿ ಹಾಕು’ ಅಂದದ್ದು ಕೇಳಿಸಿದಂತಾಯಿತು. ನಂಬಿದವರು ಕೈಬಿಟ್ಟರೆ ಹೇಗಿರುತ್ತದೆ ಎಂದು ಆಗ ತಿಳಿಯಿತು. ನನಗೆ ಹಾಗಾಗಿ ಒಂದು ಗಂಟೆಯಾಗಿತ್ತು. ಅಕ್ಕನಿಗೆ ಹನ್ನೊಂದು ದಿನ.

ಎದ್ದು ಹೋಗಿ ಫೋಟೋ ಕಿತ್ತೆ. ಹಲಗೆಯ ಬಣ್ಣವೂ ಕಿತ್ತು ಬಂತು.

“ಕಾಕಾ, ಯಾರ್ ತೆಗೀ ಅಂದ್ರು?” ಮ್ಯಾನೇಜರ್ ಕೇಳಿದ.

“ಹಚ್ಚು ಅಂದಾಗ ನಾ ಕೇಳ್ಬೇಕಿತ್ತು ಈ ಮಾತು” ಅಂದೆ. ಪೆನ್ನು ಅವನ ಕೈಗೆ ಕೊಟ್ಟು ಬಂದೆ. ನೀಲಿ ಅಂಗಿಯನ್ನು ಮರುದಿನ ಹೆಂಡತಿ ಒಗೆದು ಅಂಗಡಿಗೆ ಕಳಿಸಿದಳು.

ಬೆಳಗ್ಗೆ ಅಕ್ಕನ ಮನೆಗೆ ಹೋದೆ. ತಗಡಿನ ಚಪ್ಪರದ ಕೆಳಗೆ ಮೂವರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಅಕ್ಕ ಒಲೆಯ ಮುಂದೆ ಇದ್ದಳು. ಬರುವ ವಾರ ಮಗನ ಮದುವೆ ಇದ್ದ ಒಬ್ಬ ಮನೆಯೊಡತಿ ಮಣೆಯ ಮೇಲೆ ಕೂತಿದ್ದಳು. ರೊಟ್ಟಿ ಎಷ್ಟು, ಯಾವತ್ತು ಬರಬೇಕು ಎಂಬ ಮಾತು ನಡೆದಿತ್ತು. ಕೊನೆಗೆ ಆಕೆ, “ಸಾಮಾನಿನ ಚಿಂತಿ ನಿಮಗ ಬ್ಯಾಡ, ನಮ್ಮ ಮಗಳು ಖೋಲೀ ಬಲ್ಲಿ ಕುಂದ್ರತಾಳ” ಅಂದದ್ದನ್ನು ನಾನು ನಿಂತೇ ಕೇಳಿದೆ.

ಫೋಟೋವನ್ನು ಹಿಟ್ಟಿನ ಪರಾತದ ಪಕ್ಕ ಇಟ್ಟೆ. ಹೇಳಿದೆ. ಕೊಸರು ಹಾಕಿಕೋ ಅಂದವನು ನಾನು. ವಾರ ವಾರ ನೋಡಿ ನಕ್ಕವನು ನಾನು. ಕೇಳಿದಾಗ ಇಲ್ಲ ಅಂದವನು ನಾನು. ಗೋಡೆಗೆ ಹಚ್ಚಿದವನೂ ನಾನು. ಮದುವೆ ಮನೆಯವಳ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಮೂವರಲ್ಲಿ ಹಿರಿಯಳು ಕೈಯ ಹಿಟ್ಟು ಉಜ್ಜುತ್ತ, “ಹನ್ನೊಂದ್ ದಿನ ಎಲ್ಲಿ ಹೋಗಿದ್ರಿ ಕಂಡಕ್ಟರ್ ಸಾಹೇಬ್ರ? ಗಾಡಿ ಪಂಚರ್ ಆಗಿತ್ತೇನು?” ಅಂದಳು. ಇನ್ನೊಬ್ಬಳು, “ಸುಮ್ಕಿರವ್ವಾ, ಈಗರೆ ಬಂದಾರ” ಅಂದಳು.

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

“ಆವತ್ತ ನನ್ನ ಹೆಸರು ಯಾಕ ಹೇಳಲಿಲ್ಲ ನೀನು?” ಕೇಳಿದೆ.

“ಚೆಕಿಂಗ್‌ನವ ಬಂದಿದ್ದ. ನಿನ್ನ ನೌಕರಿ ಹೋಗ್ತಿತ್ತು.” ಒಲೆಗೆ ಕಟ್ಟಿಗೆ ನೂಕಿದಳು. “ನೀನೇ ಹೇಳ್ತಿ ಅಂದ್ಕೊಂಡಿದ್ದೆ.”

“ತಪ್ಪಾಗ್ಯದ ಅಕ್ಕಾ.”

“ಬ್ಯಾಳಿ ನಾ ವಾಪಸ್ ಹಾಕಿ ಬಂದೆ ತಮ್ಮಾ. ನೀ ಅಂದದ್ದು ಯಾವ ಡಬ್ಬಕ್ಕ ಹಾಕ್ತಿ?”

ಆಕೆ ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ಮದುವೆ ಮನೆಯವಳು ಫೋಟೋವನ್ನು ಎತ್ತಿ ನೋಡಿ, ಮಡಚಿ, ಒಲೆಯ ಬಾಯಿಗೆ ಹಾಕಿದಳು. “ಮಗಳು ಕುಂದ್ರೂದು ಬ್ಯಾಡ ಬಿಡ್ರಿ. ಕೀಲಿಕೈ ನಿಮಗೇ ಕೊಡ್ತೀನಿ” ಅಂದಳು. ಅಕ್ಕ ಕತ್ತೆತ್ತದೆ, “ನಿಮ್ಮ ಖುಷಿ” ಅಂದಳು.

ಆ ಮದುವೆಯಲ್ಲಿ ಕೀಲಿಕೈ ಆಕೆಯ ಸೊಂಟದಲ್ಲಿ ಇತ್ತೆಂದು ನನ್ನ ಹೆಂಡತಿ ನೋಡಿ ಬಂದು ಹೇಳಿದಳು. ಎಲ್ಲ ಮನೆಗಳೂ ಹಾಗಲ್ಲ. ಫೋನಿಗೆ ಹೋದ ಫೋಟೋ ಅಲ್ಲಲ್ಲಿ ಇನ್ನೂ ಇದೆ. ಒಮ್ಮೆ ಮದುವೆಯ ರೊಟ್ಟಿ ಕೆಲಸ ಗೊತ್ತು ಮಾಡಲು ಬಂದ ಗುಂಡಗುರ್ತಿ ಊರಿನವರು ಅದನ್ನು ತೋರಿಸಿ ಕೇಳಿದರಂತೆ. ಎಲ್ಲಿ ಕೇಳಿದರೂ ನಾನು ಹೋಗಿ ಹೇಳುತ್ತೇನೆ. ಕೆಲವರು ನಂಬುತ್ತಾರೆ, ಕೆಲವರು ಈ ಮುದುಕ ಆಕೆಯನ್ನು ಉಳಿಸಲು ಬಂದಿದ್ದಾನೆ ಎಂದುಕೊಳ್ಳುತ್ತಾರೆ.

ತಪ್ಪು ಒಪ್ಪಿಕೊಂಡ ಆ ದಿನ ಅಕ್ಕನ ಮನೆಯಿಂದ ಬರುವಾಗ ಒಂದು ಡಜನ್ ರೊಟ್ಟಿ ಕೇಳಿದೆ. ಅಕ್ಕ ಎಣಿಸಿ, ಬಟ್ಟೆಯಲ್ಲಿ ಸುತ್ತಿ, ನನ್ನ ಮುಂದಿಟ್ಟಳು.

“ಎಣಿಸ್ಕೋ” ಅಂದಳು.

ಎಷ್ಟೋ ವರ್ಷದಲ್ಲಿ ಆಕೆ ನನಗೆ ಆ ಮಾತು ಅಂದಿರಲಿಲ್ಲ. ಎಣಿಸಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಗಂಟು ಬಿಚ್ಚಿ ಒಂದೊಂದೇ ತೆಗೆದು ಬುಟ್ಟಿಗೆ ಹಾಕಿದಳು. ಕೊನೆಯದನ್ನು ಹಾಕಿ, ಬಟ್ಟೆಯನ್ನು ಒಮ್ಮೆ ಕೊಡವಿ ನೋಡಿ, ಮಡಚಿ ಇಟ್ಟಳು.

“ಹನ್ನೆರಡು” ಅಂದಳು.

ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಅಕ್ಕ ತಮ್ಮಾ ಎಂದೇ ಕರೆಯುತ್ತಾಳೆ, ಕೂಡಲು ಹೇಳುತ್ತಾಳೆ, ಹೆಂಡತಿಯ ಮೊಣಕಾಲು ನೋವು ಕೇಳುತ್ತಾಳೆ. ನನಗಿಂತ ಮುಂಚೆ ಬಂದವರಿಗೆ ಆಕೆ ಡಜನ್ ಎಣಿಸಿ ಮೇಲೊಂದು ಇಡುವುದನ್ನು ನೋಡುತ್ತ ಕೂತಿರುತ್ತೇನೆ. ನನ್ನ ಪಾಳಿ ಬರುತ್ತದೆ. ಹೋದ ವಾರವೂ ಹನ್ನೆರಡೇ ಇದ್ದವು.